ಮಲೆನಾಡಿನಲ್ಲಿ ಗ್ರಾವೆಲ್ ಸೈಕಲ್: ಮೊದಲು ತಿಂಗಳು ನೋಡಿ, ಆಮೇಲೆ ಮ್ಯಾಪ್

ಹೊಸದಾಗಿ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೂ ಆಗುವ ದಪ್ಪ ಟೈರಿನ ಸೈಕಲ್) ಕೊಂಡವರು ಮೊದಲು ಕೇಳುವುದು "ಶಿವಮೊಗ್ಗ ಸುತ್ತ ಒಳ್ಳೆ ರೂಟ್ ಯಾವುದು?" ಅಂತ. ಕಾಡು, ಹಳ್ಳ, ಹಿನ್ನೀರು ಮೂರೂ ಒಂದೇ ದಿನ ಸಿಗಬೇಕು. ರೂಟಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಮಲೆನಾಡಿನ ಒಂದೇ ದಾರಿ ಡಿಸೆಂಬರಿನಲ್ಲಿ ಸುಖ, ಏಪ್ರಿಲ್‌ನಲ್ಲಿ ರಕ್ತ ಹೀರುವ ಉಣುಗಿನ ಕಾಟ, ಜುಲೈನಲ್ಲಿ ಸಾಕ್ಷಾತ್ ಹೊಳೆ. ಯಾವ ತಿಂಗಳಿನದು ಅಂತ ಹೇಳದೆ ಬರೀ ಜಿಪಿಎಕ್ಸ್ ಫೈಲ್ (ಫೋನಿನ ಮ್ಯಾಪಿನಲ್ಲಿ ತೆರೆಯುವ ದಾರಿಯ ದಾಖಲೆ) ಹಂಚುವವರ ಮೇಲೆ ನನಗೆ ತಕರಾರಿದೆ.

ಆರಿದ್ರಾ ಮಳೆಯಿಂದ ಉತ್ತರೆ ಮಳೆಯವರೆಗೆ (ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ) ಮಣ್ಣುದಾರಿ ಮರೆತುಬಿಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿರುವ ಜೇಡಿ ನೆನೆದರೆ ಅಂಟಾಗಿ ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿಕೊಳ್ಳುತ್ತದೆ. ಅಲ್ಲಿ 6 ಮಿ.ಮೀ. ಜಾಗವೂ ಇಲ್ಲದಿದ್ದರೆ ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಕೆಂಪು ನೀರು ಡಿಸ್ಕ್ ಬ್ರೇಕಿಗೆ ಉಪ್ಪುಕಾಗದವಿದ್ದಂತೆ, ಮೆತ್ತನೆ ರೆಸಿನ್ ಬ್ರೇಕ್ ಪ್ಯಾಡ್ ಒಂದೇ ದಿನದ ಇಳಿಜಾರಿನಲ್ಲಿ ತಳ ಕಾಣಬಹುದು. ಮಳೆಯಲ್ಲೂ ಹೋಗಲೇಬೇಕು ಅನ್ನುವವರು ಡಾಂಬರು ರಸ್ತೆ ಹಿಡಿಯಿರಿ, ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್ ಹಾಕಿ. ಕೇರಿಯೊಳಗಿನ ಸಿಮೆಂಟ್ ರಸ್ತೆ ಮಣ್ಣಿಗಿಂತ ಅಪಾಯ. ಪಾಚಿ ಕಟ್ಟಿದ ತಿರುವಿನಲ್ಲಿ ಯಾವ ಟೈರೂ ನಿಲ್ಲುವುದಿಲ್ಲ.

ಚಿತ್ತೆ, ಸ್ವಾತಿ ಮುಗಿದು ಬಿಸಿಲು ಬಿದ್ದ ಮೇಲೆ, ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ನಮ್ಮ ಕಾಲ. ನೆಲ ಗಟ್ಟಿ, ಹಳ್ಳದಲ್ಲಿ ಮೊಣಕಾಲಿಗಿಂತ ಕೆಳಗೆ ತಿಳಿನೀರು, ಉಂಬಳದ (ಜಿಗಣೆಯ) ಕಾಟವೂ ಇಳಿದಿರುತ್ತದೆ.

ಈಗ ಮ್ಯಾಪ್ ವಿಷಯ. ಸ್ಯಾಟಲೈಟ್ ಚಿತ್ರ ನೋಡಿ ರೂಟ್ ಹಾಕುವವರು ಒಂದು ಸಂಗತಿ ಗಮನಿಸುವುದಿಲ್ಲ. ಮಳೆಗಾಲದಲ್ಲಿ ಮೋಡ ಮುಚ್ಚಿರುವುದರಿಂದ ನಮ್ಮ ಕಡೆಯ ಸ್ಪಷ್ಟ ಚಿತ್ರಗಳು ಹೆಚ್ಚಾಗಿ ಬೇಸಿಗೆಯವು. ಆಗ ಲಿಂಗನಮಕ್ಕಿ ಹಿನ್ನೀರು ಇಳಿದು ಅಂಚಿನ ಬಯಲೆಲ್ಲ ಮೇಲೆದ್ದಿರುತ್ತದೆ. ಅದರ ಮೇಲೆ ಕಾಣುವ ಬಿಳಿ ಗೆರೆ ನಿಜಕ್ಕೂ ದಾರಿಯೇ. ಎಷ್ಟೋ ಕಡೆ 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲಿನ ಊರುಗಳ ದಾರಿ. ಅಕ್ಟೋಬರಿನಲ್ಲಿ ಅದೇ ಗೆರೆ ನೀರಿನಡಿ ಇರುತ್ತದೆ. ಇದೇ ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೆ ಹಿರೇಭಾಸ್ಕರ ಅಣೆಕಟ್ಟೇ ನೀರು ತೀರಾ ಇಳಿದ ವರ್ಷಗಳಲ್ಲಷ್ಟೇ ತಲೆ ಎತ್ತುತ್ತದೆ ಅಂದರೆ ಅಂದಾಜು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಹೋದರೂ ಹಿನ್ನೀರಿನ ಅಂಚು ನಂಬಬೇಡಿ. ಮೇಲೆ ಬಿರುಕು ಬಿಟ್ಟ ಒಣ ಪದರ, ಕೆಳಗೆ ಮೆತ್ತನೆ ಹೂಳು. ಹುಲ್ಲು ಬೆಳೆದ ಜಾಗ, ದನ ಓಡಾಡಿದ ಜಾಗ ಗಟ್ಟಿ. ಬರೀ ಬೂದುಬಣ್ಣದ ನೆಲ ಕಂಡರೆ ಇಳಿದು ಹಿಮ್ಮಡಿಯಿಂದ ಒತ್ತಿ ನೋಡಿ. ಹಿಮ್ಮಡಿ ಇಳಿದರೆ ಟೈರೂ ಇಳಿಯುತ್ತದೆ.

ದಾರಿ ಯಾರಿಗಾಗಿ ಮಾಡಿದ್ದು ಅನ್ನುವುದನ್ನೂ ನೋಡಿ. ಹಳೆ ಗಾಡಿರಸ್ತೆಗಳು ಎತ್ತು ಎಳೆಯಬಲ್ಲಷ್ಟೇ ಏರು ಇಟ್ಟುಕೊಂಡು ಗುಡ್ಡದ ಮಗ್ಗುಲಲ್ಲಿ ಸುತ್ತಿ ಹೋಗುತ್ತವೆ. ಈಚೆಗೆ ಜೆಸಿಬಿ ತಂದು ತೋಟಕ್ಕೆ ಕಡಿದ ರಸ್ತೆ ನೇರ ನೆತ್ತಿಗೆ ಹತ್ತುತ್ತದೆ. ಶೇಕಡಾ 15 ದಾಟುವ ಏರು ಅಲ್ಲಿ ಮಾಮೂಲು. ಫೋರ್‌ವೀಲ್ ಜೀಪಿಗೆ ಅದು ಸರಿ, ಸೈಕಲ್ಲಿಗಲ್ಲ. ಮ್ಯಾಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಗಾಡಿದಾರಿ, ಕಾಲುದಾರಿ ಬೇರೆ ಬೇರೆ ಗುರುತಿನಲ್ಲಿವೆ. ರಾತ್ರಿ ಕೂತು ಅವನ್ನೊಮ್ಮೆ ಹೋಲಿಸಿದರೆ ಬೆಳಗ್ಗೆ ಸೈಕಲ್ ತಳ್ಳುವ ಶ್ರಮ ಉಳಿಯುತ್ತದೆ.

ಕಾಡೊಳಗೆ ಹೋಗುವ ಆಸೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಶೆಟ್ಟಿಹಳ್ಳಿ ಅಭಯಾರಣ್ಯ, ಭದ್ರಾ ಹುಲಿ ಮೀಸಲು, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಇವುಗಳ ಒಳದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಕಾಯ್ದೆ ಸೈಕಲ್ಲು ಅಂತ ರಿಯಾಯಿತಿ ಕೊಡುವುದಿಲ್ಲ. ಸದ್ದಿಲ್ಲದೆ ಬರುವ ಸೈಕಲ್ ಆನೆಗೂ ಕಾಟಿಗೂ (ಕಾಡುಕೋಣ) ದಿಗಿಲು, ತಿರುವಿನಲ್ಲಿ ಎದುರಾದರೆ ನಮಗೆ ಇನ್ನೂ ದಿಗಿಲು. ಹೊರಗಿನ ದಾರಿಯಲ್ಲೂ ಬೆಳಗ್ಗೆ 7ರ ಮೇಲೆ ಹೊರಟು ಸಂಜೆ 5ಕ್ಕೆ ಊರು ಸೇರುವ ಲೆಕ್ಕ ಇಟ್ಟುಕೊಳ್ಳಿ.

ಮೊದಲ ಸಲದವರಿಗೆ ಗಾಜನೂರಿನಿಂದ ತುಂಗಾ ಚಾನಲಿನ ದಂಡೆಯ ದಾರಿ. ಸಮತಟ್ಟು, ಗೊಚ್ಚು (ಗರಸು ಮಣ್ಣು) ಹಾಕಿದ ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತೋಟ. ಕಷ್ಟ ಒಂದೇ: ಚಾನಲಿಗೆ ತಡೆಗೋಡೆ ಇಲ್ಲ, ಸಿಮೆಂಟ್ ಇಳಿಜಾರಿಗೆ ಪಾಚಿ. ನೀರು ಬಿಟ್ಟಾಗ ಬಿದ್ದರೆ ಹತ್ತಿ ಬರುವುದು ಸುಲಭವಿಲ್ಲ. ಜೋಡಿಯಾಗಿ ಮಾತಾಡುತ್ತಾ ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ.

ನನ್ನ ಮಟ್ಟಿಗೆ ಜಿಲ್ಲೆಯ ಅತ್ಯುತ್ತಮ ಗ್ರಾವೆಲ್ ಇರುವುದು ಸಾಗರ ಸುತ್ತ. ಇಕ್ಕೇರಿ, ವರದಾಮೂಲ ನೋಡಿಕೊಂಡು ಸಾಗರಕ್ಕೆ ಬಂದು, ಉತ್ತರಕ್ಕೆ ಕೆಳದಿ ಕಡೆ ಇನ್ನೊಂದು ಸುತ್ತು. ಸೊಪ್ಪಿನ ಬೆಟ್ಟ, ಕಾನು, ಕೆರೆ ಏರಿ, ಅಡಿಕೆ ತೋಟ ಒಂದರ ಹಿಂದೊಂದು ಬರುತ್ತವೆ, ಏರು ಎಲ್ಲೂ ಅತಿಯಿಲ್ಲ. ದಣಪೆ (ಬೇಲಿಯ ಗೇಟು) ಸಿಕ್ಕರೆ ತೆಗೆದವರೇ ಹಾಕಬೇಕು. ತೆರೆದು ಬಿಟ್ಟ ಒಂದು ದಣಪೆಯಿಂದ ದನ ಗದ್ದೆಗೆ ನುಗ್ಗಿದರೆ ಮುಂದಿನ ಸೈಕಲ್ಲಿನವರಿಗೆ ಆ ದಾರಿಯೇ ಬಂದ್. ಐಬೆಕ್ಸ್ ಬೇಲಿಗೆ (ಕರೆಂಟ್ ಹರಿಸಿದ ತಂತಿ ಬೇಲಿ) ಸೈಕಲ್ ಒರಗಿಸಬೇಡಿ.

ಕಾಲು ಗಟ್ಟಿ ಇರುವವರಿಗೆ ಹೊಸನಗರದಿಂದ ನಗರ, ಬಿದನೂರು ಕೋಟೆ, ದೇವಗಂಗೆ ಕೊಳ, ಆಮೇಲೆ ಚಕ್ರಾ, ಸಾವೇಹಕ್ಲು ಹಿನ್ನೀರಿನ ಕಡೆ. ಮಳೆ ಜಾಸ್ತಿಯ ಸೀಮೆ, ನೆಲ ಆರುವುದು ತಡ. ಡಿಸೆಂಬರ್‌ಗೆ ಮೊದಲು ಬೇಡ. ಕೊಡಚಾದ್ರಿ ಜೀಪ್ ದಾರಿ ಮಾತ್ರ ಗ್ರಾವೆಲ್ ಸೈಕಲ್ಲಿಗೆ ಖಂಡಿತಾ ಬೇಡ. ತೆಂಗಿನಕಾಯಿ ಗಾತ್ರದ ಕಲ್ಲು, ಆಳದ ಕೊರಕಲು, ಎದುರಿಗೆ ಜೀಪು. ಅದು ಸಸ್ಪೆನ್ಷನ್ ಇರುವ ಎಂಟಿಬಿ (ಮೌಂಟನ್ ಬೈಕ್) ಕೆಲಸ.

ಟೈರು 40ರಿಂದ 45 ಮಿ.ಮೀ. ಇರಲಿ. ನಮ್ಮ ಗಟ್ಟಿ ನೆಲದ ಮೇಲೆ ಹರಡಿರುವ ನೊರಜು ಕಲ್ಲು ಉರುಟು, ಟೈರಿನಡಿ ಉರುಳುತ್ತದೆ. ಗಾಳಿ ಜಾಸ್ತಿ ಇದ್ದಷ್ಟೂ ಜಾರುತ್ತದೆ. 70 ಕೆ.ಜಿ. ತೂಕದವರು 700×42 ಟ್ಯೂಬ್‌ಲೆಸ್‌ನಲ್ಲಿ ಮುಂದೆ 28–30, ಹಿಂದೆ 32–34 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್ ಇದ್ದರೆ 6–8 ಜಾಸ್ತಿ. ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ರಿಮ್ಮಿನ ನಡುವೆ ಸಿಕ್ಕಿ ಟ್ಯೂಬಿಗೆ ಅಕ್ಕಪಕ್ಕ ಎರಡು ಸೀಳು ಬೀಳುತ್ತದೆ. ಬಿದಿರು ಮುಳ್ಳಿನ ಸೀಮೆಗೆ ಟ್ಯೂಬ್‌ಲೆಸ್ಸೇ ಸೈ. ಟೈರಿಗೆ ಸುಮಾರು 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ, ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಒಣಗಿ ರಬ್ಬರ್ ಉಂಡೆಯಾಗಿರುತ್ತದೆ.

ಅಕೇಶಿಯಾ ನೆಡುತೋಪಿನಲ್ಲಿ ಗಾಳಿ ಎಷ್ಟಿದ್ದರೂ ಅಷ್ಟೇ. ಬಾಗಿದ ಒಣ ಎಲೆ ದಪ್ಪಗೆ ಬಿದ್ದು ಕೆಳಗಿನ ಕೊರಕಲನ್ನು ಮುಚ್ಚಿರುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ.

ಗೇರಿನಲ್ಲಿ ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲಿಗಿಂತ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಜಾಸ್ತಿ ಇರಬೇಕು: 40ಕ್ಕೆ 42, ಅಥವಾ 30ಕ್ಕೆ 34. ಅಂಗಡಿಯಲ್ಲಿ ಮುಂದೆ 50/34 ಹಲ್ಲಿನ ಚಕ್ರ ಹಾಕಿ ಕೊಟ್ಟಿದ್ದನ್ನು ಹಾಗೇ ತಂದರೆ ಮಂಡಿ ಕೇಳುತ್ತದೆ.

ಬ್ಯಾಗಿನಲ್ಲಿ ಜನ ಮರೆಯುವುದು ಎರಡು. ಒಂದು, ನಿಮ್ಮ ಫ್ರೇಮಿನದ್ದೇ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ಕೊಂಡಿ. ತೋಟದ ದಾರಿಯಲ್ಲಿ ಅಡಿಕೆ ಸೋಗೆ, ಬಿದಿರು ಕಡ್ಡಿ ಚಕ್ರಕ್ಕೆ ಸಿಕ್ಕಿ ಮುರಿಯುವುದು ಅದೇ, ಮತ್ತು ಅದು ಒಂದೊಂದು ಸೈಕಲ್ಲಿಗೆ ಒಂದೊಂದು ಥರ. ಕಡ್ಡಿ ಸದ್ದು ಕೇಳಿದ ಕೂಡಲೇ ಪೆಡಲ್ ನಿಲ್ಲಿಸಿ, ಜೋರು ತುಳಿದರೆ ಡಿರೇಲರ್ರೂ ಹೋಗುತ್ತದೆ. ಎರಡು, ಪ್ರೆಸ್ಟಾ ವಾಲ್ವಿಗೆ (ಇಂಥ ಸೈಕಲ್ಲಿನ ತೆಳು ವಾಲ್ವು) ಹಿತ್ತಾಳೆ ಅಡಾಪ್ಟರ್. ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೈಕ್ ವಾಲ್ವಿಗಷ್ಟೇ ಕೂರುತ್ತದೆ.

ಹಳ್ಳ ದಾಟುವಾಗ ನೀರು ಚಕ್ರದ ಹಬ್ ಮುಟ್ಟುವ ಹಾಗಿದ್ದರೆ ಇಳಿಯಿರಿ. ಸೈಕಲ್ ಹರಿವಿನ ಕೆಳಬದಿಗೆ ಇರಲಿ, ಮೇಲ್ಬದಿಗಿದ್ದರೆ ನೀರು ಅದನ್ನು ನಿಮ್ಮ ಕಾಲಿಗೇ ತಳ್ಳುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮೇಲೆ ಮಳೆಯಾಗಿದೆ ಅಂತ ಅರ್ಥ, ವಾಪಸ್ ಬನ್ನಿ. ಮನೆಗೆ ಬಂದು ಬಕೆಟ್ ನೀರು, ಬ್ರಷ್ ಸಾಕು. ವಾಟರ್ ಸರ್ವಿಸ್‌ಗೆ ಬಿಟ್ಟರೆ ಪ್ರೆಷರಿಗೆ ಬೇರಿಂಗಿನ ಗ್ರೀಸ್ ಹೋಗಿ ಕೆಂಪು ಮಣ್ಣು ಒಳಗೆ ಸೇರುತ್ತದೆ.

ಇನ್ನು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ್ದು. 2019ರಲ್ಲಿ ಸಾಗರದ ಅರಳಗೋಡು ಭಾಗ ಅನುಭವಿಸಿದ್ದನ್ನು ಜಿಲ್ಲೆ ಮರೆತಿಲ್ಲ. ಮರಿ ಉಣುಗು ಡಿಸೆಂಬರಿನಿಂದ ಮೇವರೆಗೆ ತರಗೆಲೆಯಲ್ಲಿ ಇರುತ್ತದೆ, ಅಂದರೆ ಸರಿಯಾಗಿ ನಮ್ಮ ಸೀಸನ್ನಿನಲ್ಲೇ. ತರಗೆಲೆ ಮೇಲೆ ಕೂರಬೇಡಿ, ಸೈಕಲ್ ಮಲಗಿಸಬೇಡಿ, ವಿಶ್ರಾಂತಿಗೆ ಮೋರಿ ಕಟ್ಟೆಯೋ ಡಾಂಬರೋ ನೋಡಿ. ಉದ್ದ ಸಾಕ್ಸ್ ಹಾಕಿ, ಆರೋಗ್ಯ ಇಲಾಖೆ ಹಂಚುವ, ಉಣುಗು ದೂರ ಇಡುವ ಡೇಪಾ ತೈಲ ಸಿಕ್ಕರೆ ಕಾಲಿಗೆ ಹಚ್ಚಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ವಾರದೊಳಗೆ ಜ್ವರ, ತಲೆನೋವು ಬಂದರೆ ಡಾಕ್ಟರ ಹತ್ತಿರ "ಕಾಡಿಗೆ ಹೋಗಿದ್ದೆ" ಅಂತ ನೀವೇ ಹೇಳಬೇಕು.

ಸಿಗಂದೂರು ಕಡೆ ಈಗ ಸೇತುವೆ ಇದೆ, 2025ರ ಜುಲೈಯಲ್ಲಿ ತೆರೆದಿದ್ದು, ಲಾಂಚಿಗೆ ಕಾಯಬೇಕಿಲ್ಲ. ಆದರೆ ಹಸಿರುಮಕ್ಕಿ ಲಾಂಚ್ ಲೆಕ್ಕದಲ್ಲಿ ರೂಟ್ ಹಾಕಿದ್ದರೆ ಮೊದಲೇ ವಿಚಾರಿಸಿ, ನೀರು ಇಳಿದ ಬೇಸಿಗೆಯಲ್ಲಿ ಅದು ನಿಲ್ಲುವುದುಂಟು. ಗುಡ್ಡದ ಹಿಂದೆ ನೆಟ್‌ವರ್ಕ್ ಇರುವುದಿಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕೊನೆ ಬಸ್ಸಿನ ಟೈಮು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಸೈಕಲ್ ಕೆಟ್ಟರೆ ಎರಡೂ ಚಕ್ರ ಬಿಚ್ಚಿ, ಚೈನಿಗೆ ಹಳೆ ಬಟ್ಟೆ ಸುತ್ತಿ ನಿಲ್ಲಿ. ಮಣ್ಣು, ಗ್ರೀಸ್ ಬೇರೆಯವರ ಲಗೇಜಿಗೆ ತಾಗುವುದಿಲ್ಲ ಅಂತ ಕಂಡರೆ ಖಾಸಗಿ ಬಸ್ಸಿನ ಕಂಡಕ್ಟರ್ ಡಿಕ್ಕಿ ತೆರೆಯುವ ಸಾಧ್ಯತೆ ಜಾಸ್ತಿ.