ಸತ್ಯಾಂಶ: ಹಾಸಿಗೆ ಗಟ್ಟಿಯಾದಷ್ಟೂ ನೋವು ಕಡಿಮೆಯೇ?

ಹಾಸಿಗೆ ಗಟ್ಟಿಯಾದಷ್ಟೂ ಬೆನ್ನುನೋವು ಕಡಿಮೆಯಾಗುತ್ತದೆ ಎಂಬ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಿಗೂ ಆಗಾಗ ಬರುತ್ತದೆ. ಕಳುಹಿಸುವವರ ಕಾಳಜಿ ನಿಜ, ಆದರೆ ಮಾತು ಸರಿಯಲ್ಲ. ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ಸ್ಪೇನ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿತನದ ಹಾಸಿಗೆಯೇ ಹೆಚ್ಚು ಉಪಶಮನ ನೀಡಿತು. ಅದರಲ್ಲೂ ಮಗ್ಗುಲಾಗಿ ಮಲಗುವ ಕಡಿಮೆ ತೂಕದವರ ದೇಹ ಗಟ್ಟಿ ಹಾಸಿಗೆಯೊಳಗೆ ಅಷ್ಟಾಗಿ ಇಳಿಯದೆ, ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆಗಳ ಮೇಲೆ ಬಿದ್ದು, ನಡುವಿಗೆ ಆಧಾರ ಸಿಗುವುದಿಲ್ಲ. ಅಂಥವರು ತುಸು ಮೆದುವಾದುದನ್ನೇ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಇಂಥ ಸಂದೇಶ ಬಂದಾಗ, ಯಾರ ಮೇಲೆ ಪರೀಕ್ಷಿಸಿದ್ದಾರೆ, ಅವರ ತೂಕ ಮತ್ತು ಮಲಗುವ ಭಂಗಿ ನಿಮ್ಮಂತೆಯೇ ಇತ್ತೇ ಎಂದು ಕೇಳಿಕೊಳ್ಳಿ. ಅಂಗಡಿಯಲ್ಲಿ ನಿಮ್ಮ ದಿಂಬಿನೊಡನೆ 15 ನಿಮಿಷ ಮಗ್ಗುಲಾಗಿ ಮಲಗಿ, ಹಿಂದಿನಿಂದ ಫೋಟೋ ತೆಗೆಸಿ, ಬೆನ್ನುಮೂಳೆ ನೇರವಾಗಿದೆಯೇ ನೋಡಿ. ಮೈಬಿಸಿಗೆ ಮೆದುವಾಗಿ ದೇಹದ ಆಕಾರಕ್ಕೆ ಒಗ್ಗುವ ಮೆಮೊರಿ ಫೋಮ್ ಹಾಸಿಗೆ ಚಳಿಗೆ ಗಡುಸಾಗುವುದರಿಂದ, ಮಡಿಕೇರಿಯ ಜುಲೈ ರಾತ್ರಿಯಲ್ಲಿ ಅದು ಬೆಚ್ಚಗಿನ ಅಂಗಡಿಯಲ್ಲಿದ್ದಷ್ಟು ಮೆದುವಾಗಿರದು.