ಚಿಂಚೋಳಿ ಕಾಡು, ಮಾಮಾ ಮತ್ತು ಒಂದು ಸೆಕೆಂಡ್

ಕಲಬುರಗಿ ಜಿಲ್ಲೆಯಲ್ಲಿ ಕಾಡಿದೆ ಅಂದರೆ ಹೊರಗಿನವರು ಹಾಗಿರಲಿ, ಕಲಬುರಗಿಯವರೇ ನಗುತ್ತಾರೆ. "ಬಿಸಲದ, ತೊಗರಿ ಅದ. ಕಾಡು ಎಲ್ಲಿಂದ ತಂದಿ?" ಅಂತ ನಮ್ಮ ಮಾಮಾ ಕೇಳಿದರು. ಚಿಂಚೋಳಿ ಕಾಡು 2011ರಲ್ಲೇ ವನ್ಯಜೀವಿ ಧಾಮ ಆಗಿದೆ, 134 ಚದರ ಕಿಲೋಮೀಟರಿಗಿಂತ ಜಾಸ್ತಿ ಇದೆ, ತೋಳ, ಕತ್ತೆಕಿರುಬ, ಕೊಂಡುಕುರಿ ಎಲ್ಲ ಇವೆ ಅಂದೆ. ಕತ್ತೆಕಿರುಬದ ಹೆಸರು ಕೇಳಿದ್ದೇ ತಡ, "ಹಂಗಾದ್ರ ನಾನೂ ಬರ್ತೀನಿ" ಅಂದರು. ಜೊತೆಗೆ ಅತ್ತೆ, ಅವರ ಜೊತೆಗೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ.

ಮಳೆಗಾಲ ಮುಗಿಯುವ ಹೊತ್ತು. ಹೊರಗೆ ಒಳ್ಳೇ ಧಗೆ. ಮಾಮಾ ಕಾರಿನ ಏಸಿ ಕೊನೆಯವರೆಗೂ ತಿರುಗಿಸಿದ್ದರು. ಚಂದ್ರಂಪಳ್ಳಿ ಹತ್ತಿರ ರಸ್ತೆ ಪಕ್ಕದಲ್ಲೇ ನವಿಲೊಂದು ಗರಿ ಬಿಚ್ಚಿ ನಿಂತಿತ್ತು. ಬಾಗಿಲು ತೆಗೆದು ಕ್ಯಾಮೆರಾ ಎತ್ತಿದೆ. ಏನೂ ಕಾಣಲಿಲ್ಲ, ಎಲ್ಲ ಬೆಳ್ಳಗೆ. ಏಸಿಯಲ್ಲಿ ತಣ್ಣಗಾದ ಲೆನ್ಸಿಗೆ ಹೊರಗಿನ ಹಸಿ ಗಾಳಿ ತಗಲಿದರೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾ ಬೆಚ್ಚಗಾಗುವವರೆಗೆ ಸುಮ್ನೆ ಕಾಯಬೇಕು. ನಾವು ಕಾದೆವು, ನವಿಲು ಕಾಯಲಿಲ್ಲ.

ಮುಂದೆ ಕಾಲುದಾರಿ. ಈ ಕಾಡು ಮಲೆನಾಡಿನ ಕಾಡಲ್ಲ. ಕೆಂಪು ಮಣ್ಣು, ತೇಗ, ಜಾಲಿ, ನಡುವೆ ಬೋಳು ಬಂಡೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ, ಮಳೆ ಬಿದ್ದರೆ ಎಂಟೇ ದಿನಕ್ಕೆ ಗುರುತೇ ಸಿಗುವುದಿಲ್ಲ. ನನಗಂತೂ ಆ ಅವಸರದ ಹಸಿರೇ ಇಷ್ಟ. ಮಾಮಾಗೆ ಉತ್ತರಾಣಿ ಕಾಯಿ ಇಷ್ಟವಾಗಲಿಲ್ಲ. ಮೊಣಕಾಲಿನ ಕೆಳಗೆ ಪ್ಯಾಂಟು ಪೂರ್ತಿ ಅಂಟಿಕೊಂಡಿದ್ದವು, ಮೊನೆಯೆಲ್ಲ ಒಳಮುಖ. ಹೆಜ್ಜೆಗೊಂದು ಕಿತ್ತು, ಕಿತ್ತದ್ದಕ್ಕೊಂದು ಬೈದು, "ಕಿರುಬ ಎಲ್ಲದನೋ?" ಅಂತ ಕೂಗುತ್ತಿದ್ದರು. ಕಿರುಬ ಹೊರಬರುವುದೇ ರಾತ್ರಿ. ಹಗಲು ಬರುವಂಥದ್ದಿದ್ದರೂ ಆ ದನಿಗೆ ತೆಲಂಗಾಣ ಗಡಿ ದಾಟಿರುತ್ತಿತ್ತು. ಗಡಿ ದೂರವೇನಿಲ್ಲ.

ಎತ್ತಿಪೋತ ಜಲಪಾತದ ಹತ್ತಿರ ಬಂದಾಗ ನನಗೆ ಸ್ವಲ್ಪ ಜೀವ ಬಂತು. ಬಂಡೆ ಮೇಲಿಂದ ನೀರು ಜೋರಾಗಿ ಬೀಳುತ್ತಿತ್ತು. ಬೀಳುವ ನೀರು ರೇಷ್ಮೆ ಹಾಸಿದಂತೆ ಕಾಣಬೇಕಾದರೆ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕು. ಅಷ್ಟು ಹೊತ್ತು ಕ್ಯಾಮೆರಾ ಅಲುಗಬಾರದು, ಬೆಳಕೂ ಜಾಸ್ತಿ ಇರಬಾರದು. ಟ್ರೈಪಾಡ್ ಹೂಡಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ಮೋಡ ಬರಲಿ ಅಂತ ಕಾದೆ. ಮೋಡ ಬಂತು. ಮೋಡದ ಜೊತೆಗೆ ಫ್ರೇಮಿನೊಳಗೆ ಮಾಮಾ ಬಂದರು.

"ನನ್ನೂ ಒಂದು ಹೊಡಿ."

"ಮಾಮಾ, ಒಂದು ಸೆಕೆಂಡ್ ಅಲ್ಲಾಡಬ್ಯಾಡ್ರಿ."

"ಒಂದು ಸೆಕೆಂಡ್ ಏನು, ಒಂದು ತಾಸು ನಿಲ್ತೀನಿ."

ಬಂಡೆ ಮೇಲೆ ಕಾಲೂರಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ನಿಂತ ಗತ್ತು ನೋಡಿದರೆ ಜಲಪಾತವನ್ನು ಅವರೇ ಕಟ್ಟಿಸಿದ್ದಾರೆ ಅನ್ನಬೇಕು. ಗುಂಡಿ ಒತ್ತಿದೆ. ಅದೇ ಗಳಿಗೆಗೆ ಮರದ ಮೇಲಿಂದ ಮುಸುವವೊಂದು ಇಳಿದು ರೊಟ್ಟಿ ಗಂಟಿಗೆ ಕೈ ಹಾಕಿತು. ಅತ್ತೆ ಚೀರಿದರು. ಮಾಮಾ ಕಾಲು ಕದಲಿಸಲಿಲ್ಲ, ಕೊಟ್ಟ ಮಾತಿನ ಮನುಷ್ಯ. ತಲೆ ಮಾತ್ರ ತಿರುಗಿಸಿದರು.

ಫೋಟೊದಲ್ಲಿ ನೀರು ರೇಷ್ಮೆ ಹಾಗೇ ಬಂದಿದೆ, ಬಂಡೆಯ ಪಾಚಿ ಕೂಡ ಎಣಿಸುವಷ್ಟು ಸ್ಪಷ್ಟ. ಮಾಮಾ ಬೂಟಿನಿಂದ ಕಾಲರಿನವರೆಗೆ ಅಚ್ಚುಕಟ್ಟಾಗಿದ್ದಾರೆ. ಕಾಲರಿನ ಮೇಲೆ ತಲೆ ಇರಬೇಕಾದ ಜಾಗದಲ್ಲಿ ಒಂದಿಷ್ಟು ಹೊಗೆ.

ರೊಟ್ಟಿ ಮುಸುವನ ಪಾಲಾಯಿತು. ಹಿಂಡಿ ಅದಕ್ಕೆ ಖಾರವಾಯಿತೋ ಏನೋ, ಬಿಟ್ಟುಹೋಗಿತ್ತು. ಫೋಟೊ ನೋಡಿದ ಅತ್ತೆ, ಇವರು ಮನೆಯಲ್ಲೂ ಹೀಗೇ ಇರೋದು ಅಂದರು. ಮಾಮಾಗೆ ಮಾತ್ರ ಜಲಪಾತ ಬಹಳ ಹಿಡಿಸಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡು ಅಂತ ದಿನಾ ಫೋನ್ ಮಾಡುತ್ತಾರೆ. ತಲೆಯನ್ನು ಅವರ ಮದುವೆ ಆಲ್ಬಮ್ಮಿನಿಂದ ತಗೊಂಡು ಹಚ್ಚಬೇಕಂತೆ, ಆಗ ಕೂದಲು ಜಾಸ್ತಿ ಇದ್ದವಲ್ಲ.