ಗುಜರಿಯಲ್ಲಿ ಮುಖ ತೋರಿಸಬಾರದು

ಹಳೇ ಕಬ್ಬಿಣಕ್ಕೆ ನಮ್ಮ ಕೋಲಾರ ಜಿಲ್ಲೆಯಲ್ಲಿ ಎರಡು ರೇಟು. ಒಂದು ಕೆಜಿ ರೇಟು, ಇನ್ನೊಂದು ಮುಖದ ರೇಟು. ಮೊದಲನೆಯದನ್ನು ತಕ್ಕಡಿ ಹೇಳುತ್ತದೆ. ಎರಡನೆಯದನ್ನು ಗುಜರಿಯವನು ನಮ್ಮ ಕಣ್ಣು ನೋಡಿ ಹೇಳುತ್ತಾನೆ. ತುಕ್ಕು ಹಿಡಿದ ಉಳಿಯೊಂದನ್ನು ಎತ್ತಿ ಎರಡು ಕ್ಷಣ ಜಾಸ್ತಿ ಹಿಡಿದುಕೊಂಡರೆ ಮುಗಿಯಿತು, ಅಲ್ಲಿಯವರೆಗೂ ಕಾಲಿಗೆ ಎಡವುತ್ತಿದ್ದ ಸಾಮಾನು ತಟ್ಟನೆ ಆಂಟಿಕ್ ಆಗಿಬಿಡುತ್ತದೆ.

ಹಳೇ ಕೈಸಾಮಾನುಗಳನ್ನು ಹುಡುಕಿ ಕೂಡಿಡುವ ಚಟ ನನ್ನದು, ಬೇಟೆ ಕೆಜಿಎಫ್ ಕಡೆಗೆ. ಚಿನ್ನಕ್ಕಲ್ಲ, ಅದನ್ನು ತೆಗೆಯುವವರು ತೆಗೆದುಕೊಂಡು ಹೋಗಿ ಆಯಿತು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೆ ಆ ಊರಲ್ಲಿ ಎಷ್ಟು ಬಡಗಿಗಳು, ಫಿಟ್ಟರ್‌ಗಳು, ಕಮ್ಮಾರರು ದುಡಿದಿರಬಹುದು! ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿಗೆ ಆಸರೆಯ ಮರ ಕೊಯ್ಯಬೇಕು, ದೊರೆಗಳ ಬಂಗಲೆಗೆ ಕಿಟಕಿ ಮಾಡಬೇಕು, ಎಲ್ಲದಕ್ಕೂ ಸಾಮಾನು ಬೇಕು. ಆ ಸಾಮಾನೆಲ್ಲ ಈಗ ಕ್ವಾರ್ಟರ್ಸುಗಳ ಅಟ್ಟದಿಂದ ಒಂದೊಂದಾಗಿ ಇಳಿದು ರಾಬರ್ಟ್‌ಸನ್‌ಪೇಟೆಯ ಗುಜರಿಗಳಲ್ಲಿ, ಮಿಕ್ಸಿ ಜಾರು, ಬೈಕಿನ ಮಡ್‌ಗಾರ್ಡುಗಳ ಕೆಳಗೆ ಮಲಗಿದೆ.

ಅಲ್ಲಿ ಎಲ್ಲವೂ 'ದೊರೆ ಕಾಲದ್ದು'. ಕತ್ತರಿ ದೊರೆದು, ಸುತ್ತಿಗೆ ದೊರೆದು. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ಸಹ ಯಾವುದೋ ದೊರೆ ಬಿಟ್ಟುಹೋದದ್ದೇ. ಒಂದು ಸಲ ಗುಜರಿಯವನು ಅಳತೆ ಟೇಪೊಂದನ್ನು ಕೈಗಿಟ್ಟು, "ಟೇಲರ್ ದೊರೆ ಕೈಯಲ್ಲಿ ಹಿಡಿದಿದ್ದು ಸಾರ್" ಅಂದ. ಟೇಪಿನ ತುಂಬ ಸೆಂಟಿಮೀಟರು. ಗಣಿ ಮೈಸೂರು ಸರ್ಕಾರದ ಕೈಗೆ ಬಂದದ್ದು 1956ರಲ್ಲಿ, ದೇಶಕ್ಕೆ ಮೀಟರಿನ ಕಾನೂನು ಬಂದದ್ದೂ ಅದೇ ವರ್ಷ. ದೊರೆ ಹೋದ, ಸೆಂಟಿಮೀಟರು ಬಂತು, ಇಬ್ಬರೂ ಬಾಗಿಲಲ್ಲಿ ಮುಖ ನೋಡಿಕೊಂಡಿರಬೇಕು ಅಷ್ಟೆ. ಇದನ್ನು ಹೇಳಿದರೆ ಅವನು, "ಹಂಗಾದ್ರೆ ದೊರೆ ಅಡ್ವಾನ್ಸ್ ಆಗಿದ್ದ ಬಿಡಿ" ಅಂದು ಟೇಪನ್ನು ಒಳಗಿಟ್ಟ. ಇಂಥವರ ಹತ್ತಿರ ಇತಿಹಾಸ ಮಾತಾಡಿ ಯಾರೂ ಗೆದ್ದಿಲ್ಲ.

ಆದರೆ ಸುಳ್ಳಿನ ರಾಶಿಯಲ್ಲೇ ನಿಜವೂ ಇರುತ್ತದೆ ಅನ್ನುವುದೇ ಈ ಚಟದ ಮೂಲ. ಆವತ್ತು ಮಡ್‌ಗಾರ್ಡಿನ ಕೆಳಗಿಂದ ಮರ ನುಣುಪು ಮಾಡುವ ಒಂದು ಕಬ್ಬಿಣದ ರಂದಾದ ಮೂತಿ ಕಂಡಿತು. ಹಿಡಿ ಮುರಿದಿದೆ, ಜೇಡ ಸಂಸಾರ ಹೂಡಿದೆ. ಬ್ಲೇಡಿನ ಹಿಂದೆ ಬೆರಳಾಡಿಸಿದೆ, ಎರಕದಲ್ಲೇ ಮೂಡಿದ ಅಕ್ಷರ ತಾಗಿತು. ಉಗುರಲ್ಲಿ ಕೆರೆದರೆ ಪೇಟೆಂಟ್ ತಾರೀಖುಗಳು: 1902ರ ಮಾರ್ಚ್, 1902ರ ಆಗಸ್ಟ್, 1910ರ ಏಪ್ರಿಲ್. ಅಮೆರಿಕದ ಸ್ಟ್ಯಾನ್ಲಿ ಕಂಪನಿಯದು, ಬೈಲಿ ಎಂಬ ಮಾದರಿ! ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂದದ್ದೂ 1902ರಲ್ಲೇ. ಎದೆ ಹೊಡೆದುಕೊಳ್ಳತೊಡಗಿತು, ಮುಖವನ್ನು ಮಾತ್ರ ರೇಷನ್ ಕ್ಯೂನಲ್ಲಿ ನಿಂತವನಂತೆ ಇಟ್ಟುಕೊಂಡೆ. ರಂದಾವನ್ನು ಎರಡು ಬಾಗಿಲ ಕೀಲು, ಮೊಂಡು ಕುಡುಗೋಲು, ಸೈಕಲ್ ಪೆಡಲಿನ ಜೊತೆ ಸೇರಿಸಿ, "ಇದೆಲ್ಲ ತೂಕ ಹಾಕಪ್ಪ" ಅಂದೆ. ಅವನು ಆಕಳಿಸುತ್ತಾ ತಕ್ಕಡಿ ಎಳೆದುಕೊಂಡ.

ಆಗ ಹಿಂದಿನಿಂದ ನಮ್ಮವಳ ದನಿ. ಬಂಗಾರಪೇಟೆಯಲ್ಲಿ ಪಾನಿಪುರಿ ಕೊಡಿಸುತ್ತೇನೆ ಎಂಬ ಕರಾರಿನ ಮೇಲೆ ಜೊತೆಗೆ ಬಂದಿದ್ದಳು. "ಅಯ್ಯೋ, ಇದೇ ಅಲ್ವೇನ್ರೀ ನೀವು ರಾತ್ರಿಯೆಲ್ಲಾ ಮೊಬೈಲ್ನಲ್ಲಿ ನೋಡ್ತಾ ಕೂತ್ಕೊತೀರಲ್ಲಾ ಅದು? ಸಿಕ್ಕೇಬಿಡ್ತಲ್ಲಾ!"

ತಕ್ಕಡಿ ನಿಂತಿತು. ಗುಜರಿಯವನು ರಂದಾವನ್ನು ಮಾತ್ರ ಎತ್ತಿ, ತನ್ನ ಬನಿಯನ್ನಿನಲ್ಲಿ ಮೆಲ್ಲಗೆ ಒರೆಸಿ, ಮೇಲಿನ ಶೆಲ್ಫಿನಲ್ಲಿದ್ದ ವೇಲಾಂಕಣಿ ಮಾತೆಯ ಫೋಟೊ ಪಕ್ಕದಲ್ಲಿಟ್ಟ. "ಇದು ಮಾರೋದಲ್ಲ ಸಾರ್. ನಮ್ ತಾತಂದು." ಒಂದು ನಿಮಿಷದ ಹಿಂದೆ ಅದರ ಮೇಲೆ ಕಾಲಿಟ್ಟುಕೊಂಡು ಬೀಡಿ ಸೇದುತ್ತಿದ್ದ ಮೊಮ್ಮಗ! ತಾತನ ನೆನಪಿಗೆ 1,500 ರೂಪಾಯಿ ಕೊಟ್ಟು ಬಿಡಿಸಿಕೊಂಡೆ. ಕೀಲು, ಕುಡುಗೋಲು, ಪೆಡಲುಗಳನ್ನೂ ಬಿಡದೆ ತೂಕ ಹಾಕಿಯೇ ಕೊಟ್ಟ.

ತಂದದ್ದನ್ನು ಊರು ಸೇರಿಸುವುದು ಇನ್ನೊಂದು ಪುರಾಣ. ಇನ್ನೊಂದು ಸಲ ರಾತ್ರಿ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಗೋಣಿಚೀಲ ಹೊತ್ತು ಇಳಿದರೆ ಪೊಲೀಸಿನವರೊಬ್ಬರು ತಡೆದರು. ಚೀಲ ಬಿಚ್ಚಿಸಿದರು. ಆವತ್ತು ಚೀಲದಲ್ಲಿದ್ದದ್ದು ಒಂದು ಮೀಟುಗೋಲು, ಕೈಯಲ್ಲಿ ತಿರುಗಿಸುವ ಬೈರಿಗೆ, ನಾಲ್ಕಾರು ಉಳಿ, ಕೀ ಇಲ್ಲದ ಒಂದು ಬೀಗ. ಬೀಗವನ್ನು ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ, ಚೆನ್ನಾಗಿತ್ತು, ತಂದೆ. "ಯಾವ ಏರಿಯಾ ಇವತ್ತು?" ಅಂದರು ಶಾಂತವಾಗಿ. ಹವ್ಯಾಸ ಸಾರ್, ಸಂಗ್ರಹ ಸಾರ್, ಅಂದೆ. ಕನ್ನ ಹಾಕುವವರೂ ಹಾಗೇ ಹೇಳುತ್ತಾರೆ ಅನ್ನುವ ನೋಟ ನೋಡಿ, ಒಂದು ಉಳಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಹಿಡಿದವರ ಮುಖವೇ ಬದಲಾಯಿತು. ಮರಗೆಲಸದ ಆಚಾರರ ಮನೆಯವರಂತೆ, ಅಪ್ಪನ ಜೊತೆ ಬಾಗಿಲು ಕೆತ್ತಿದವರು. "ನೋಡ್ರಿ, ತುದಿ ನೀಲಿ ತಿರುಗಿದೆ. ಯಾವನೋ ಗ್ರೈಂಡರ್‌ಗೆ ಒತ್ತಿ ಸುಟ್ಟಿದಾನೆ. ಹದ ಹೋಯ್ತು, ಇನ್ನು ಇದು ಮರ ಕಡಿಯಲ್ಲ, ಬೆಣ್ಣೆ ಕಡಿಯುತ್ತೆ." ಇನ್ನೊಂದನ್ನು ಎತ್ತಿ ಪಕ್ಕೆ ತೋರಿಸಿದರು: ಕೆಳಗೆ ತೆಳುವಾದ ಗಟ್ಟಿ ಉಕ್ಕಿನ ಪದರ, ಮೇಲೆ ಮೆತುವಾದ ಕಬ್ಬಿಣ, ಎರಡನ್ನೂ ಕುಲುಮೆಯಲ್ಲಿ ಬೆಸೆದ ಗೆರೆ ಕೂದಲೆಳೆಯಷ್ಟು ಸಣ್ಣಗೆ ಕಾಣುತ್ತಿತ್ತು. ಅಂಚು ಗಟ್ಟಿ, ಮಿಕ್ಕಿದ್ದು ಮೆತು, ಅದಕ್ಕೇ ಸಾಣೆಗೆ ಬೇಗ ಬಗ್ಗುತ್ತದೆ, ಅಂದರು. ಅರ್ಧ ಗಂಟೆ ಪಾಠ. ಸುತ್ತ ಜನ ಸೇರಿದ್ದರು. ಕಳ್ಳ ಸಿಕ್ಕಿದ್ದಾನೆ ಅಂತ ಯಾರೋ ವಿಡಿಯೊನೂ ಮಾಡಿದರು. ಕಡೆಗೆ ಒಳ್ಳೆಯ ಉಳಿಯನ್ನು ಕೈಯಿಂದ ಬಿಡಲಾರದೆ ಬಿಟ್ಟು, "ಇದನ್ನ ಯಾವತ್ತಾದ್ರೂ ಮಾರೋದಾದ್ರೆ ಸ್ಟೇಷನ್ನಿಗೆ ಬನ್ನಿ" ಅಂದರು. ಆ ವಾಕ್ಯ ಮಾತ್ರ ವಿಡಿಯೊದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಮನೆಗೆ ಬಂದ ಮೇಲೆ ತುಕ್ಕಿನ ವಿಚಾರ. ಪೇಟೆಯಲ್ಲಿ ಬಾಟಲಿ ದ್ರಾವಣ ಸಿಗುತ್ತದೆ, ಆದರೆ ಹುಣಸೆಮರದ ಸೀಮೆಯಲ್ಲಿ ಹುಟ್ಟಿ ದುಡ್ಡು ಕೊಟ್ಟು ಹುಳಿ ಕೊಳ್ಳುವುದೇ? ಹುಣಸೆಯ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ದೇವರ ಹಿತ್ತಾಳೆಯನ್ನು ಫಳಫಳ ಮಾಡುವುದೂ ಅದೇ ಹುಳಿ. ಅಮ್ಮನ ಹಳೇ ಕಪ್ಪು ಹುಣಸೆಯನ್ನು ಬಿಸಿನೀರಿಗೆ ಕಿವುಚಿ, ದೊಡ್ಡ ಸ್ಟೀಲ್ ಡಬರಿಯಲ್ಲಿ ರಂದಾದ ಬ್ಲೇಡು, ಸ್ಕ್ರೂಗಳನ್ನು ಮುಳುಗಿಸಿ, ಮುಚ್ಚಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಬೆಳಗ್ಗೆ ಅದು ಕುದಿಸಿ ಇಳಿಸಿದ ಪುಳಿಯೋಗರೆ ಗೊಜ್ಜಿನ ಬಣ್ಣಕ್ಕೆ ತಿರುಗಿರುತ್ತದೆ. ಆ ಬೆಳಗ್ಗೆಯೇ ನಮ್ಮವಳ ಸೋದರಮಾವ ಮುಳಬಾಗಿಲಿನಿಂದ ಬಂದಿಳಿದಿದ್ದರು. ಸಲಿಗೆಯ ಮನುಷ್ಯ, ಅಡುಗೆಮನೆಗೇ ನೇರ. ಡಬರಿಯ ಮುಚ್ಚಳ ತೆಗೆದ ಸದ್ದು, ಸೌಟಿನ ಸದ್ದು, ಆಮೇಲೆ 'ಠಣ್'. "ಏನಮ್ಮಾ, ಗೊಜ್ಜಿನಲ್ಲಿ ಮೂಳೆ ಇದೆ?" ಬಾಯಿಗೆ ಹೋಗಿರಲಿಲ್ಲ, ದೇವರು ದೊಡ್ಡವನು. ಆದರೂ ಇವತ್ತಿಗೂ ಅವರು ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಸಾರನ್ನು ಒಮ್ಮೆ ಕಲಕಿ ನೋಡಿಯೇ ಬಡಿಸಿಕೊಳ್ಳುತ್ತಾರೆ. ಬ್ಲೇಡನ್ನು ಅಡುಗೆ ಸೋಡಾ ನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿದೆ. ಫಳಗುಟ್ಟಿತು. ಅಮ್ಮ ಮಾತ್ರ ಹುಣಸೆ ಭರಣಿಗೆ ಬೀಗ ಹಾಕಿದರು. ಕೀ ಇಲ್ಲದ ಆ ಬೀಗವಲ್ಲ, ಬೇರೆಯದು.

ಸ್ಪ್ಯಾನರ್‌ಗಳ ಕಥೆ ಚಿಕ್ಕದು. ಗಣಿಯ ಸ್ಪ್ಯಾನರ್ ಒಂದರ ಮೇಲೆ 'ಅರ್ಧ ಡಬ್ಲ್ಯೂ' ಅಂತ ಕೊರೆದಿದೆ. ಅದರ ಬಾಯಿ ಅಳೆದರೆ 23 ಮಿಲಿಮೀಟರಿಗೂ ಮೇಲೆ, ಅಂದರೆ ಅರ್ಧ ಇಂಚಿಗಿಂತ ಎಷ್ಟೋ ಅಗಲ. 1841ರಲ್ಲಿ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ ಬೋಲ್ಟಿನ ಥ್ರೆಡ್ಡುಗಳಿಗೆ ಲೆಕ್ಕ ಹಾಕಿಕೊಟ್ಟ. ಅವನ ಹೆಸರಿನ ಸ್ಪ್ಯಾನರ್‌ಗಳಲ್ಲಿ ಬರೆಯುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲ ಅಲ್ಲ. ಪಕ್ಕದ ಮನೆಯವರು ಬೋರ್‌ವೆಲ್ ಮೋಟರಿಗೆ ಅರ್ಧ ಇಂಚಿನದು ಬೇಕು ಅಂತ ಒಯ್ದವರು ಹತ್ತು ನಿಮಿಷಕ್ಕೆ ತಂದು ಕಾಂಪೌಂಡ್ ಮೇಲಿಟ್ಟರು. "ನಿಮ್ಮ ಸಾಮಾನು ನಿಮ್ಮ ಹಾಗೇನೇ, ಹೇಳೋದೊಂದು ಮಾಡೋದೊಂದು." ಆಮೇಲೆ ಏನನ್ನೂ ಕೇಳಲು ಬಂದಿಲ್ಲ. ವಿಟ್‌ವರ್ತ್‌ನ ಉಪಕಾರ.

ಮೊನ್ನೆ ಅದೇ ಗುಜರಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ಕಂಪನಿಯ ವೈಸ್ ಒಂದು ಕಣ್ಣಿಗೆ ಬಿತ್ತು. ಮರಗೆಲಸದ್ದು, ಬೆಂಚಿಗೆ ಕಚ್ಚಿಸಿ ಮರವನ್ನು ಬಿಗಿಯಾಗಿ ಹಿಡಿಸುವಂಥದ್ದು. ನನ್ನ ಮುಖ ಈಗ ಅಲ್ಲಿ ಪರಿಚಿತ. ನಾನು ಬಾಯಿ ಬಿಡುವ ಮೊದಲೇ "ತಾತಂದು" ಅಂದ, 4,000 ಅಂದ. ಸುಮ್ಮನೆ ಬಂದೆ. ವಿಷಯ ಕೇಳಿದ ನಮ್ಮವಳು, "ನನಗೂ ದೋಸೆಗೆ ಹಳೇ ಕಬ್ಬಿಣದ ಹೆಂಚು ಬೇಕು, ನಡೀರಿ. ನೀವು ಮಾತ್ರ ಟೀ ಅಂಗಡಿ ಹತ್ರ ನಿಂತ್ಕೊಳ್ಳಿ, ಒಳಗೆ ಬರಬೇಡಿ" ಅಂದಳು.

ಟೀ ಅಂಗಡಿಯಿಂದ ಎಲ್ಲ ಕೇಳಿಸುತ್ತಿತ್ತು. ಹೆಂಚು ಆರಿಸಿದಳು, ಸೊಟ್ಟ ಅಂದಳು, ಇನ್ನೊಂದು ತೆಗೆಸಿದಳು. ಆಮೇಲೆ ವೈಸನ್ನು ಚಪ್ಪಲಿ ಕಾಲಲ್ಲಿ ತಳ್ಳಿ, "ಈ ದರಿದ್ರ ಏನು? ನೀರಿನ ಡ್ರಮ್ ಮುಚ್ಚಳ ಹಾರದಂಗೆ ಹೇರೋಕೆ ಆಗುತ್ತಾ?" ಆ ದನಿಯಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ಅದು ನಿಜವಾಗಿಯೂ ದರಿದ್ರವೇ. ಇಷ್ಟು ವರ್ಷ ಕನ್ನಡಿ ಮುಂದೆ ನಿಂತು ಕಲಿತರೂ ನನಗೆ ಬಾರದ ಮುಖ ಅವಳಿಗೆ ಹುಟ್ಟಿನಿಂದಲೇ ಇದೆ. ಗುಜರಿಯವನು ತಾತನನ್ನು ಮರೆತು ಕೆಜಿಗೆ 40 ಅಂದ. ಅವಳು 30 ಅಂದಳು. ತಕ್ಕಡಿಗೆ ಏರಿತು. ಮುಳ್ಳು ನಿಲ್ಲುವಷ್ಟರಲ್ಲಿ ಅವಳ ಬೆರಳು ವೈಸಿನ ಮೇಲೆ ಉಜ್ಜಿ ಕೆಂಪಾಗಿತ್ತು.

"ನೋಡಿ ಎಷ್ಟು ಉದುರುತ್ತೆ. ತುಕ್ಕಿನ ತೂಕ ಕಳೀರಿ."

ಅವನು ಕಳೆದ! ಸ್ಕ್ರೂಡ್ರೈವರಿನಲ್ಲಿ ಅಲ್ಲಿ ಇಲ್ಲಿ ಕೆರೆದು, ಅರ್ಧ ಕೆಜಿ ಬಿಟ್ಟ. ಆಟೋಗೆ ಏರಿಸುವಾಗ ನನ್ನನ್ನು ಗುರುತು ಹಿಡಿದು, ವೈಸನ್ನೂ ನನ್ನನ್ನೂ ಎರಡು ಸಲ ನೋಡಿ, ಮೆಲ್ಲಗೆ ಹೇಳಿದ: "ಸಾರ್, ಇನ್ಮೇಲೆ ನೀವೊಬ್ರೇ ಬನ್ನಿ."